ಅತ್ತೆಯ ಶ್ರುತಿ, ಅಳಿಯನ ಬೆರಳು

ನನ್ನ ಅತ್ತೆ ನನ್ನ ಬಗ್ಗೆ ಇವತ್ತಿನವರೆಗೆ ಒಂದೇ ಒಂದು ಕೆಟ್ಟ ಮಾತು ಆಡಿದವರಲ್ಲ. ನನ್ನ ದೂರು ಅದೇ.

ಬೇರೆಯವರ ಅತ್ತೆಯಂದಿರು ಬೈಯುತ್ತಾರೆ, ಮೂತಿ ತಿರುಗಿಸುತ್ತಾರೆ, ಪಾತ್ರೆ ಕುಕ್ಕುತ್ತಾರೆ. ಆ ಅಳಿಯಂದಿರು ಪುಣ್ಯವಂತರು. ತಾವು ಎಲ್ಲಿ ನಿಂತಿದ್ದೇವೆ ಎಂಬುದು ಅವರಿಗೆ ಗೊತ್ತಿರುತ್ತದೆ. ನಾನು ಜಾವಾ ದ್ವೀಪದ ಈ ಜೋಗ್ಜಾ ಊರಿನಲ್ಲಿ ಅತ್ತೆಯ ಮನೆಯಲ್ಲೇ ಇಪ್ಪತ್ತೈದು ವರ್ಷ ಬಾಳಿದ್ದೇನೆ (ಮನೆ ಅವರದು, ಸಾಲದ್ದಕ್ಕೆ ಹಿತ್ತಲೂ ಅವರದು). ಅಷ್ಟು ಕಾಲವೂ ಅವರ ಬಾಯಿಂದ ಬಂದದ್ದು ಒಂದೇ ಮಾತು: "ಚೆನ್ನಾಗಿದೆ, ಅಳಿಯಂದ್ರೇ."

ನಾನು ಬಾತಕ್ ಜನದವನು, ಹೆಸರು ತುಂಪಾಲ್. ಸುಮಾತ್ರದ ತೋಬಾ ಸರೋವರದ ದಡದಲ್ಲಿ ಹುಟ್ಟಿದವನು. ನಮ್ಮ ಕಡೆ ಊಟಕ್ಕೆ ಕೂತು ಉಪ್ಪು ಕೇಳಿದರೆ ಪಕ್ಕದ ಊರಿನವನು ತಂದುಕೊಡುತ್ತಾನೆ, ಅಷ್ಟು ಗಂಟಲು. ಸಿಟ್ಟು ಬಂದರೆ ಮುಖಕ್ಕೇ ಹೇಳುತ್ತೇವೆ. ಪ್ರೀತಿ ಬಂದರೂ ಅದೇ ದನಿಯಲ್ಲಿ ಹೇಳುವುದರಿಂದ ಹೊರಗಿನವರಿಗೆ ಎರಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಓದಲೆಂದು ಜಾವಾಕ್ಕೆ ಬಂದವನು ಓದು ಬಿಟ್ಟು, ಸರ್ವಾಧಿಕಾರಿಯನ್ನು ಇಳಿಸುವ ಗಲಾಟೆಯಲ್ಲಿ ಮೆಗಾಫೋನ್ ಹಿಡಿದೆ. (ಮೆಗಾಫೋನ್ ಕೆಟ್ಟುಹೋದ ದಿನ ಅದು ಕೆಟ್ಟಿದೆಯೆಂದು ಯಾರಿಗೂ ಗೊತ್ತಾಗಲಿಲ್ಲ.) "ಮಾತಾಡುವ ಹಕ್ಕು ಕೊಡಿ" ಎಂದು ಕೂಗಿ, ಲಾಠಿ ತಿಂದು, ಅಂತೂ ಆ ಹಕ್ಕು ದೇಶಕ್ಕೆ ಬಂತು. ಆಗಿನ ಸಂಗಾತಿಗಳಲ್ಲಿ ಒಬ್ಬ ಈಗ ಸಂಸತ್ತಿನಲ್ಲಿದ್ದಾನೆ, ಇನ್ನೊಬ್ಬ ಬಾತುಕೋಳಿ ಕರಿದು ಮಾರುತ್ತಾನೆ. ಬಾತುಕೋಳಿಯವನು ಇನ್ನೂ ನಂಬಿಕಸ್ಥ. ನಾನಂತೂ ಮೆರವಣಿಗೆಗೆ ಫಲಕ ಬರೆಯುತ್ತಿದ್ದ ವಿಗಾತಿ ಎಂಬ ಜಾವಾ ಹುಡುಗಿಯನ್ನು ಕಟ್ಟಿಕೊಂಡು, ಮಾತಾಡುವ ಹಕ್ಕನ್ನು ಯಾರೂ ಬಳಸದ ಈ ಮನೆಗೆ ಬಂದು ಸೇರಿದೆ.

ಮೊದಲ ವರ್ಷ ಗೇಟಿಗೆ ಕೆಂಪು ಬಣ್ಣ ಹೊಡೆದೆ. ಅತ್ತೆ, "ಚೆನ್ನಾಗಿದೆ ಅಳಿಯಂದ್ರೇ, ದೂರದಿಂದ್ಲೇ ಕಾಣ್ಸುತ್ತೆ" ಎಂದರು. ಮಾರನೆಯ ವಾರ ಗೇಟಿನ ಬುಡದಲ್ಲಿ ಒಂದು ಬಳ್ಳಿ ನೆಟ್ಟರು. ಮುಂದಿನ ಮಳೆಗಾಲ ಮುಗಿಯುವುದರೊಳಗೆ ಗೇಟು ಎಲ್ಲಿದೆಯೆಂದು ಅಂಚೆಯವನು ಹುಡುಕುತ್ತಿದ್ದ. ನಮ್ಮ ಕಡೆಯ ಖಾರದ ಮೀನು ಸಾರು ಮಾಡಿ ಬಡಿಸಿದರೆ, "ಘಮಕ್ಕೇ ಹೊಟ್ಟೆ ತುಂಬಿಹೋಯ್ತು" ಎಂದು ಕೈ ತೊಳೆದುಕೊಂಡರು. ಬೆಳಿಗ್ಗೆ ಬಚ್ಚಲಲ್ಲಿ ಹಾಡಿದರೆ, "ಒಳ್ಳೇ ತುಂಬು ಗಂಟಲು" ಎಂದು ಹೊಗಳಿ, ತಮ್ಮ ಮಂಚವನ್ನು ಬೀದಿ ಕಡೆಯ ಕೋಣೆಗೆ ಸಾಗಿಸಿಕೊಂಡರು. ಅಲ್ಲಿ ಲಾರಿಗಳ ಸದ್ದು ಮಾತ್ರ ಇತ್ತು.

"ಇದಕ್ಕಿಂತ ಬಿಡಿಸಿ ಹೇಳೋಕಾಗುತ್ತಾ ರೀ?" ಎನ್ನುತ್ತಾಳೆ ವಿಗಾತಿ. ಅವಳು ಹೈಸ್ಕೂಲು ಟೀಚರು, ಮನೆಯಲ್ಲಿ ಅತ್ತೆಯ ಮಾತಿನ ಭಾಷ್ಯಕಾರ್ತಿ. "ಬಳ್ಳಿ ನೆಟ್ಟಿದ್ದು ಕಾಣ್ಲಿಲ್ವಾ ನಿಮಗೆ?"

"ಬಳ್ಳಿ ಕಂಡಿತು. ಮಾತು ಕೇಳಿಸಲಿಲ್ಲ."

"ಅಮ್ಮ ಮರ್ಯಾದೆ ಕೊಡ್ತಿದಾರೆ."

ಮರ್ಯಾದೆ. ಜಾವಾದವರ ಮರ್ಯಾದೆಗೆ ಒಂದು ಲೆಕ್ಕಾಚಾರವಿದೆ. ಅಪರಿಚಿತನಿಗೆ, ಅತಿಥಿಗೆ, ಆಫೀಸರನಿಗೆ ಮೆತ್ತನೆಯ ಮಾತು, ಬಹುವಚನ, ಬಾಗಿದ ತಲೆ. ಮನೆಯವರಿಗೆ ಮಾತ್ರ ಏಕವಚನ, ಬೈಗುಳ, ತಲೆಗೊಂದು ಮೊಟಕು. ಅತ್ತೆ ತಮ್ಮ ಮಗಳಿಗೆ "ಏ ಮಂಗ" ಎನ್ನುವುದನ್ನು ನಾನು ದಿನಾ ಕೇಳುತ್ತೇನೆ. ಬೆಕ್ಕಿಗೂ ಬೈಯುತ್ತಾರೆ. ನನಗೆ ಮಾತ್ರ ಇಪ್ಪತ್ತೈದು ವರ್ಷದಿಂದ "ಅಳಿಯಂದ್ರೇ, ನೀವು, ತಾವು". ಅತ್ತೆಗೆ ಈಗ ಎಪ್ಪತ್ತೆಂಟು. ನನ್ನ ಮುಖಕ್ಕೆ ಒಂದು ನಿಜ ಹೇಳದೆ ಅವರು ಹೊರಟುಬಿಟ್ಟರೆ, ಈ ಮನೆಯಲ್ಲಿ ನಾನು ಅಳಿಯನಾಗಿದ್ದೆನೋ, ಎದ್ದುಹೋಗಲು ಮರೆತ ಅತಿಥಿಯಾಗಿದ್ದೆನೋ ಎಂಬುದು ನನಗೆ ಗೊತ್ತಾಗುವುದೇ ಇಲ್ಲ. ಒಂದು ನಿಜವಾದ ಮಾತು ಬೇಕಿತ್ತು. ಬೈಗುಳವಾದರೂ ಸರಿ.

ಅತ್ತೆ ಪ್ರಾಯದಲ್ಲಿ ಗಾಮೆಲಾನ್ ಮೇಳದ ಹಾಡುಗಾರ್ತಿ. ಆ ಮೇಳವೆಂದರೆ ಕಂಚಿನ ಪಟ್ಟಿ, ಬಟ್ಟಲು, ಜಾಗಟೆಗಳ ಒಂದು ದೊಡ್ಡ ಕೂಡು ಕುಟುಂಬ. ಅದರ ನಡುವೆ ಮಂಡಿಯೂರಿ ಕೂತು ಒಬ್ಬಳೇ ಹಾಡಬೇಕು. ನ್ಯಿ ಸಾಜಿಯೆಮ್ (ಸಾಜಿಯೆಮ್ ಅತ್ತೆಯ ಹೆಸರು, ನ್ಯಿ ಎಂದರೆ ಅಮ್ಮಾವ್ರು) ಎಂದರೆ ಆಗ ಸುತ್ತಿನ ಊರುಗಳಲ್ಲಿ ಹೆಸರಿತ್ತಂತೆ. ಅವರ ಇಪ್ಪತ್ತನಾಲ್ಕನೇ ವಯಸ್ಸಿನ ಒಂದು ರೆಕಾರ್ಡು ಬಾತಿಕ್ ಬಟ್ಟೆಯಲ್ಲಿ ಸುತ್ತಿಕೊಂಡು ಬೀರುವಿನಲ್ಲಿ ಮಲಗಿತ್ತು. ವಿಗಾತಿ ಚಿಕ್ಕವಳಿದ್ದಾಗ ಮನೆಯ ಪ್ಲೇಯರ್ ಕೆಟ್ಟಿತು. ಅಲ್ಲಿಂದೀಚೆಗೆ ಆ ರೆಕಾರ್ಡನ್ನು ಯಾರೂ ಕೇಳಿಲ್ಲ, ಹಾಡಿದವರೂ ಕೇಳಿಲ್ಲ.

ನನಗೆ ಜ್ಞಾನೋದಯವಾಯಿತು. ನಾನೇ ಕೈಯಾರೆ ಒಂದು ರೆಕಾರ್ಡ್ ಪ್ಲೇಯರ್ ಮಾಡುತ್ತೇನೆ. ಅತ್ತೆಯ ದನಿಯನ್ನೇ ಅತ್ತೆಗೆ ಕೇಳಿಸುತ್ತೇನೆ. ಗೇಟಿನ ಬಗ್ಗೆ, ಮೀನಿನ ಬಗ್ಗೆ ಸುಳ್ಳು ಹೇಳಬಹುದು. ತನ್ನ ಹಾಡಿನ ಬಗ್ಗೆ ಯಾವ ಹಾಡುಗಾರ್ತಿ ಸುಳ್ಳು ಹೇಳಿಯಾಳು?

ವಿಷಯ ತಿಳಿದು ಅತ್ತೆ, "ಅಯ್ಯೋ, ಬೇಡಿ ಅಳಿಯಂದ್ರೇ, ಸುಮ್ನೆ ನಿಮಗೆ ತೊಂದ್ರೆ" ಎಂದರು.

"ಬೇಡ ಅಂತಾರಲ್ಲೇ" ಎಂದೆ ವಿಗಾತಿಗೆ.

"ಬೇಡಿ ಅಂದ್ರೆ, ಯಾವಾಗ ಮುಗಿಯುತ್ತೆ ಅಂತ ಕೇಳಿದ್ದು."

ಹೊಟ್ಟೆಪಾಡಿಗೆ ನಾನು ಪತ್ರಿಕೆಗಳಿಗೆ ಬರೆಯುತ್ತೇನೆ, ತಲೆಪಾಡಿಗೆ ಮರಗೆಲಸ. ಹಿತ್ತಲಿನ ತಗಡಿನ ಶೆಡ್ಡು ನನ್ನ ಸ್ವತಂತ್ರ ಗಣರಾಜ್ಯ. ಅಲ್ಲಿ ಉಳಿ, ಗರಗಸ, ಕೀಸುಳಿ, ಒಂದು ಮುದಿ ಲೇತು ಇವೆ, ಚುನಾವಣೆ ಇಲ್ಲ. ಪ್ಲೇಯರಿನ ಪೀಠ ಭಾರವಾಗಿರಬೇಕು, ಇಲ್ಲವಾದರೆ ಯಾರಾದರೂ ಪಕ್ಕದಲ್ಲಿ ಕೆಮ್ಮಿದರೂ ಮುಳ್ಳು ಹಾರುತ್ತದೆ. ಭಾರದ ಮರವೆಂದರೆ ತೇಗ. ತೇಗದಲ್ಲೂ ಭಾರದ್ದೆಂದರೆ ಹಳೆಯ ರೈಲು ಹಳಿಗಳ ಕೆಳಗಿದ್ದ ದಿಮ್ಮಿ. ಬ್ಯಾಂಕು ಮ್ಯಾನೇಜರುಗಳು ಅದರಲ್ಲಿ ಊಟದ ಮೇಜು ಮಾಡಿಸುತ್ತಾರೆ. ನಾನೊಂದು ತುಂಡು ತಂದೆ. ಇಳಿಸಲು ಬಂದ ಪಕ್ಕದ ಮನೆಯ ವಾರ್ದೊಯೊ ಸೊಂಟ ಹಿಡಿದುಕೊಂಡು, "ಒಳ್ಳೇ ಮರ, ಹಗುರವಾಗಿದೆ" ಎಂದು ಕುಂಟುತ್ತಾ ಹೋದರು. (ಅವರು ಅಂಚೆ ಕಚೇರಿಯಿಂದ ನಿವೃತ್ತರು, ಓಣಿಯ ಮೇಳದಲ್ಲಿ ದೊಡ್ಡ ಜಾಗಟೆ ಬಾರಿಸುವವರು, ಮತ್ತು ಜಾವಾದವರು.)

"ಇದು ಹಾಡು ಕೇಳೋಕಾ, ರೈಲು ಬಿಡೋಕಾ?" ಎಂದಳು ವಿಗಾತಿ.

ದಿಮ್ಮಿ ಕೊಯ್ಯುವಾಗ ಮುರಿದ ಮೊಳೆಗೆ ಸಿಕ್ಕಿ ಗರಗಸದ ಹಲ್ಲು ಹೋಯಿತು. ಕೀಸಿದಷ್ಟೂ ಒಳಗಿಂದ ಹಳೆಯ ಎಣ್ಣೆಯ ವಾಸನೆ ಬಂತು. ರೈಲ್ವೆ ಮೊಳೆಯ ತೂತನ್ನು ಮುಚ್ಚದೆ ಅದರಲ್ಲೇ ಬೀಟೆ ಮರದ ತೋಳನ್ನು ಕೂರಿಸಿದೆ, ತುದಿಗೆ ಅಂಗಡಿಯ ಮುಳ್ಳು, ಹಿಂದೆ ತೂಕಕ್ಕೆ ಗಾಳದ ಸೀಸ. ತಿರುಗುತಟ್ಟೆಯನ್ನು ಹಲಸಿನ ಮರದಲ್ಲಿ ಲೇತಿಗೆ ಹಾಕಿ ಕಡೆದೆ. ಮೊದಲನೆಯದು ಸೀಳಿತು. ಎರಡನೆಯದು ಮಳೆ ಬಂದ ದಿನ ಸೊಟ್ಟಗಾಗಿ, ತಿರುಗುವಾಗ ಕುಡುಕನ ಹಾಗೆ ಓಲಾಡಿತು. ಮೂರನೆಯದನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದೆ. ಅಡುಗೆಮನೆಯಲ್ಲಿ ಒಂದು ತಿಂಗಳು ವಿಗಾತಿ ತಲೆ ಬಗ್ಗಿಸಿ ಓಡಾಡಿದಳು. ಸಣ್ಣ ಮೋಟಾರಿನಿಂದ ತಟ್ಟೆಗೆ ಬೆಲ್ಟು ಬೇಕಿತ್ತು. ಅಂಗಡಿ ಮುಚ್ಚಿದ್ದ ಒಂದು ಭಾನುವಾರ ನನ್ನ ಒಳಚಡ್ಡಿಯ ಇಲಾಸ್ಟಿಕ್ ಹಾಕಿ ನೋಡಿದೆ. ತಟ್ಟೆ ತಿರುಗಿತು. ಆದರೆ ಹಾಡು ಎಳೆದೆಳೆದು, ಸಂಸತ್ತಿನಲ್ಲಿ ಮಂತ್ರಿ ಕೊಡುವ ಉತ್ತರದ ಹಾಗೆ ಬಂತು. ಇಂಥ ಕೆಲಸಗಳಲ್ಲಿ ತಾಳ್ಮೆ ಕಲಿಯುತ್ತೇವೆ ಎನ್ನುತ್ತಾರೆ. ಸುಳ್ಳು. ಕಲಿಯುವುದು ಬೈಗುಳ.

ಕೊನೆಗೆ ಸರಿಯಾದ ರಬ್ಬರ್ ಬೆಲ್ಟು ಬಂತು. ರಸಮಟ್ಟ ಇಟ್ಟು ಪೀಠವನ್ನು ಸಮ ಮಾಡಿದೆ. ಉಳಿದದ್ದು ವೇಗ. ಮೋಟಾರಿನ ತುದಿಯಲ್ಲಿ ಮರದ ಪುಟ್ಟ ಗಾಲಿ ಇದೆ. ಅದು ದಪ್ಪವಾದರೆ ತಟ್ಟೆ ಜೋರು, ತೆಳುವಾದರೆ ನಿಧಾನ. ಜೋರಾದರೆ ಹಾಡಿನ ಶ್ರುತಿ ಏರುತ್ತದೆ, ನಿಧಾನವಾದರೆ ಇಳಿಯುತ್ತದೆ.

"ತಟ್ಟೆ ಮೇಲೆ ಒಂದು ಕಾಗದದ ಚೂರು ಅಂಟಿಸಿ, ಗಡಿಯಾರ ಇಟ್ಕೊಂಡು ಸುತ್ತು ಎಣಿಸಿ" ಎಂದಳು ವಿಗಾತಿ. "ಎಲ್ಲರೂ ಹಾಗೇ ಮಾಡೋದಂತೆ."

"ಎಲ್ಲರೂ ಮಾಡಲಿ. ಬಾತಕ್ ಮನುಷ್ಯನಿಗೆ ಗಡಿಯಾರ ಯಾಕೆ? ಕಿವಿ ಇದೆ."

ಇದು ಜಂಬದ ಮಾತಲ್ಲ (ಸ್ವಲ್ಪ ಜಂಬದ್ದೇ). ನಮ್ಮ ಕಡೆ ಸಾವಿನ ಮನೆಯಲ್ಲೂ ಅಳುವವರು ನಾಲ್ಕು ಧ್ವನಿಯಲ್ಲಿ ಹೊಂದಿಸಿಕೊಂಡು ಅಳುತ್ತಾರೆ. ನಾನು ಗಿಟಾರ್ ತಂದು ತಂತಿ ಬಿಗಿದು, ಅತ್ತೆಯ ರೆಕಾರ್ಡು ಹಾಕಿದೆ. ಜಾಗಟೆಯ ನಾದ ಗಿಟಾರಿನ ಸ್ವರಕ್ಕಿಂತ ತುಸು ಕೆಳಗಿತ್ತು. ಗಾಲಿಗೆ ಒಂದು ಸುತ್ತು ಅಂಟುಪಟ್ಟಿ ಸುತ್ತಿದೆ. ಇನ್ನೂ ಕೆಳಗೆ. ಮತ್ತೊಂದು ಸುತ್ತು, ಮಗದೊಂದು. ಕೊನೆಗೆ ಜಾಗಟೆ ಬಂದು ಗಿಟಾರಿನ ಸ್ವರದ ಮೇಲೆ ಸರಿಯಾಗಿ ಕೂತಿತು. ಉಳಿದ ಸ್ವರಗಳು ಆಚೀಚೆ ಜಾರುತ್ತಿದ್ದವು. ರೆಕಾರ್ಡು ಹಳೆಯದಲ್ಲವೇ ಎಂದುಕೊಂಡೆ.

ಇಪ್ಪತ್ತೈದು ವರ್ಷ ಈ ಊರಿನಲ್ಲಿದ್ದು ನಾನು ಒಂದು ಸಂಗತಿ ಮರೆತಿದ್ದೆ. ಗಾಮೆಲಾನ್ ಮೇಳಕ್ಕೆ ಗಿಟಾರಿನ ಹಂಗಿಲ್ಲ. ಕಂಚು ಎರೆದ ಕಂಚುಗಾರ ತನ್ನ ಕಿವಿಗೆ ಹಿತವಾದ ಶ್ರುತಿ ಹಿಡಿದು ಕುಟ್ಟುತ್ತಾನೆ. ಒಂದು ಮೇಳದ ಶ್ರುತಿ ಇನ್ನೊಂದಕ್ಕಿಲ್ಲ. ಈ ಮನೆಯ ಬಟ್ಟಲನ್ನು ಆ ಮನೆಯ ಮೇಳದಲ್ಲಿ ಇಟ್ಟರೆ ಅದು ತವರಿಲ್ಲದ ಸೊಸೆ. ಪ್ರಪಂಚದ ಎಲ್ಲ ಊರಿನ ಎಲ್ಲ ಬಾಯಿಗೂ ಒಂದೇ ಸ್ವರ ಎಂದು ಕಟ್ಟಪ್ಪಣೆ ಮಾಡುವವರ ವಿರುದ್ಧ ಪ್ರಾಯವನ್ನೆಲ್ಲ ಕೂಗಿದ ನಾನೇ, ಅಂಟುಪಟ್ಟಿ ಹಿಡಿದು ಅತ್ತೆಯ ಮೇಳವನ್ನು ನನ್ನ ಗಿಟಾರಿನ ಶ್ರುತಿಗೆ ಎಳೆದು ಕಟ್ಟಿದೆ. ಆಗ ಇದೊಂದೂ ಹೊಳೆಯಲಿಲ್ಲ. ಬೀಗುತ್ತಾ ಓಣಿಯವರನ್ನು ಚಹಾಕ್ಕೆ ಕರೆದೆ.

ಮಧ್ಯಾಹ್ನ ಎಲ್ಲರೂ ಚಾಪೆಯ ಮೇಲೆ ಕೂತರು. ಕರಿದ ತೆಂಪೆ (ಹುದುಗಿಸಿದ ಸೋಯಾ ಕಾಳಿನ ಬಿಲ್ಲೆ), ಬೇಯಿಸಿದ ಕಡಲೆಕಾಯಿ, ಸಿಹಿ ಜಾಸ್ತಿಯಾದ ಚಹಾ. ಅತ್ತೆ ಒಳ್ಳೆಯ ಕುಪ್ಪಸ ತೊಟ್ಟು, ತುರುಬು ಕಟ್ಟಿ, ಗೋಡೆಗೆ ಒರಗದೆ ಮಂಡಿಯೂರಿ ಕೂತಿದ್ದರು. ನಾನು ಮುಳ್ಳು ಇಳಿಸಿದೆ. ಕಂಚು ಮೊಳಗಿತು. ಹೆಣ್ಣು ದನಿ ಎದ್ದಿತು.

ಒಂದು ಬದಿ ಮುಗಿದ ಮೇಲೆ ವಾರ್ದೊಯೊ ಗಂಟಲು ಸರಿಮಾಡಿಕೊಂಡರು. "ಮರ ಎಷ್ಟು ನುಣ್ಣಗಿದೆ ನೋಡಿ" ಎಂದರು. ಇನ್ನೊಬ್ಬರು, "ಹೌದು, ಮೂಲೆಗಳು ಅಚ್ಚುಕಟ್ಟು" ಎಂದರು. ಮತ್ತೊಬ್ಬರು ಕಡಲೆಕಾಯಿ ಚೆನ್ನಾಗಿ ಬೆಂದಿದೆ ಎಂದರು. ನಾನು ಅತ್ತೆಯ ಕಡೆ ತಿರುಗಿದೆ.

"ಹೇಗಿದೆ ಇಬು?" (ಅಮ್ಮ ಎನ್ನುವುದಕ್ಕೆ ಇಲ್ಲಿ ಹಾಗೆ.)

"ಚೆನ್ನಾಗಿದೆ ಅಳಿಯಂದ್ರೇ. ಯಾರು ಹಾಡ್ತಿರೋದು?"

"ನೀವೇ ಇಬು."

"ಹೌದಾ." ಅತ್ತೆ ಚಹಾದ ಲೋಟದ ಮುಚ್ಚಳ ಸರಿಪಡಿಸಿದರು. "ಪಾಪ, ಹುಡುಗಿಗೆ ಏನೋ ಅವಸರ. ಬಸ್ಸು ಹಿಡೀಬೇಕಿತ್ತೋ ಏನೋ."

ಓಣಿಯವರೆಲ್ಲ ಒಟ್ಟಿಗೆ ಚಹಾ ಹೀರಿದರು. ಆ ಸದ್ದು ನನಗೆ ಅಶ್ರುವಾಯು ಸಿಡಿದ ಸದ್ದಿಗಿಂತ ಜೋರಾಗಿ ಕೇಳಿಸಿತು.

ಎಲ್ಲರೂ ಹೋದ ಮೇಲೆ ನಾನು ತಡೆಯಲಾರದೆ ಹೋದೆ. "ಇಬು, ನಿಮ್ಮ ಕಾಲಿಗೆ ಬೀಳ್ತೀನಿ, ಒಂದು ಸಲ ನಿಜ ಹೇಳಿ. ಇದು ಕೆಟ್ಟದಾಗಿದ್ರೆ ಕೆಟ್ಟದಾಗಿದೆ ಅನ್ನಿ. ಈ ದೇಶದಲ್ಲಿ ಮಾತಾಡೋಕೆ ಈಗ ಯಾರಪ್ಪನ ಅಡ್ಡಿಯೂ ಇಲ್ಲ."

"ರೀ, ಮೆಲ್ಲಗೆ" ಎಂದಳು ವಿಗಾತಿ.

"ಮೆಲ್ಲಗೆ ಹೇಳಿದ್ರೆ ನಿಮ್ಮ ಮನೇಲಿ ಯಾರಿಗೆ ಕೇಳ್ಸುತ್ತೆ?"

"ಜೋರಾಗಿ ಹೇಳಿದ್ದಕ್ಕೇ ಇಷ್ಟು ವರ್ಷ ಯಾರೂ ಕೇಳಿಸ್ಕೊಂಡಿಲ್ಲ."

ಅತ್ತೆ ನಮ್ಮಿಬ್ಬರನ್ನೂ ನೋಡಲಿಲ್ಲ. ಎದ್ದು ಬಂದು ಪ್ಲೇಯರಿನ ಮುಂದೆ ಕೂತರು. "ಇನ್ನೊಂದ್ಸಲ ಹಾಕಿ" ಎಂದರು. ಹಾಕಿದೆ. ಕಂಚು ಶುರುವಾಯಿತು. ಅತ್ತೆ ಕಣ್ಣು ಮುಚ್ಚಿದರು. ಹಲ್ಲುನೋವಿನವರ ಹಾಗೆ ದವಡೆ ಬಿಗಿಯಾಯಿತು. ಹಾಡು ಶುರುವಾದದ್ದೇ ತಡ, ಅವರ ಕೈ ತಾನಾಗಿ ಮುಂದೆ ಹೋಗಿ, ತೋರುಬೆರಳು ತಿರುಗುವ ತಟ್ಟೆಯ ಅಂಚನ್ನು ಒತ್ತಿತು. ತಟ್ಟೆ ನಿಧಾನವಾಯಿತು. ಜಾಗಟೆ ಕೆಳಗಿಳಿಯಿತು. ಗಿಟಾರಿಗೆ ಸೇರದ, ಯಾವುದಕ್ಕೂ ಸೇರದ ಒಂದು ಜಾಗದಲ್ಲಿ ಬಂದು ಎಲ್ಲ ಸ್ವರಗಳೂ ಒಮ್ಮೆಗೇ ಕೂತವು. ಅಲ್ಲಿಂದ ಒಂದು ದನಿ ಬಂತು. ಅಗಲವಾದ, ಅವಸರವಿಲ್ಲದ ದನಿ.

ಅತ್ತೆ ಕಣ್ಣು ಬಿಟ್ಟರು.

"ಇದು ನಾನು" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ನಿನ್ನ ತಲೆಯಲ್ಲಿ ಕಿವಿ ಅಂತ ಎರಡು ಇದಾವೋ, ಬರೀ ಕನ್ನಡಕ ಸಿಗಿಸೋಕೆ ಇಟ್ಕೊಂಡಿದ್ದೀಯೋ?"

ನಿನ್ನ. ಇಟ್ಕೊಂಡಿದ್ದೀಯೋ. ವಿಗಾತಿಯ ಕೈಯಲ್ಲಿದ್ದ ತಟ್ಟೆಯಿಂದ ಒಂದು ತೆಂಪೆ ಕೆಳಗೆ ಬಿತ್ತು.

"ಗಿಟಾರ್ ಇಟ್ಕೊಂಡು ಜಾಗಟೆಗೆ ಶ್ರುತಿ ಕೊಡೋನನ್ನ ನಾನು ಎಲ್ಲೂ ಕಂಡಿಲ್ಲ ಕಣೋ. ಶೆಡ್ಡಲ್ಲಿ ಟಿಂಗ್ ಟಿಂಗ್ ಅಂತ ಬಾರಿಸ್ತಿದ್ದಾಗ್ಲೇ ಬಂದು ನಿನ್ನ ಕಿವಿ ಹಿಂಡೋಣ ಅನ್ನಿಸ್ತಿತ್ತು."

"ಆಗಲೇ ಹೇಳಬಾರದಿತ್ತಾ ಇಬು?"

"ಹೇಳ್ತೀನಿ, ಕೂತ್ಕೋ. ಆ ಗೇಟು ಕಸಾಯಿಖಾನೆ ಬಾಗಿಲ ಹಾಗಿತ್ತು. ನಿನ್ನ ಮೀನು ಸಾರು ತಿಂದ್ರೆ ನಾಲಿಗೆ ಎರಡು ದಿನ ನನ್ನ ಮಾತು ಕೇಳಲ್ಲ. ಬೆಳಿಗ್ಗೆ ನೀನು ಬಚ್ಚಲಲ್ಲಿ ಹಾಡೋದಿದೆಯಲ್ಲ, ಅದಕ್ಕಿಂತ ಲಾರಿ ಹಾರನ್ನು ಶ್ರುತಿಯಲ್ಲಿರುತ್ತೆ. ಯಾರಾದ್ರೂ ಮನೆಗೆ ಬಂದ್ರೆ ಲಾಠಿ ತಿಂದ ಕತೆ ಹೇಳ್ತೀಯ. ವರ್ಷಕ್ಕೊಂದು ಲಾಠಿ ಜಾಸ್ತಿಯಾಗ್ತಿದೆ. ಈಗ ಪೊಲೀಸರಿಗಿಂತ ಲಾಠಿ ಹೆಚ್ಚಾಗಿವೆ. ಚಹಾ ಕುಡಿದ ಲೋಟ ಕಿಟಕಿ ಮೇಲೆ ಬಿಡ್ತೀಯ, ಇರುವೆ ಬರುತ್ತೆ. ಆಮೇಲೆ ಆ ಗಡ್ಡ."

"ಗಡ್ಡಕ್ಕೇನಾಗಿದೆ?"

"ಅದನ್ನೇ ಕೇಳ್ತಿರೋದು. ಏನಾಗಿದೆ ಅದಕ್ಕೆ?"

ಒಲೆಯ ಮೇಲೆ ನೀರು ಕುದಿದು ಆರುವವರೆಗೂ ಇದು ನಡೆಯಿತು. ವಿಗಾತಿ ಒಮ್ಮೆಯೂ ತಾಯಿಯನ್ನು ತಡೆಯಲಿಲ್ಲ. ಎರಡು ಕಡೆ, ತಾಯಿ ಮರೆತ ಇಸವಿಯನ್ನು ನೆನಪು ಮಾಡಿಕೊಟ್ಟಳು. ಬಾಯಿ ಬಿಡಿಸುವುದಕ್ಕೆಂದು ನಾವು ವರ್ಷಗಟ್ಟಲೆ ಬೀದಿಗಿಳಿದಿದ್ದೆವು. ಬಾಯಿ ಬಿಟ್ಟ ಮೇಲೆ ಎದುರಿಗೆ ಕೂತು ಕೇಳಬೇಕಾದ ಕಿವಿ ಯಾರದು ಎಂದು ಒಂದು ಸಭೆಯಲ್ಲೂ ಚರ್ಚೆಯಾಗಿದ್ದಿಲ್ಲ. ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ಮುಖ ಬೆಂಕಿಯಾಗಿತ್ತು. ಒಳಗೆಲ್ಲೋ, ಹೇಳಿಕೊಳ್ಳಲು ನಾಚಿಕೆಯಾಗುವಷ್ಟು, ಹಾಯೆನಿಸುತ್ತಿತ್ತು.

ಮಾರನೆಯ ಬೆಳಿಗ್ಗೆ ಅಂಟುಪಟ್ಟಿಯನ್ನೆಲ್ಲ ಕಿತ್ತೆ. ಕಾಗದದ ಚೂರು ಅಂಟಿಸಿ, ಹೆಂಡತಿಯ ಗಡಿಯಾರ ಇಟ್ಟುಕೊಂಡು ಸುತ್ತು ಎಣಿಸಿದೆ. ಸ್ಯಾಂಡ್ ಪೇಪರಿನಲ್ಲಿ ಗಾಲಿಯನ್ನು ಕೂದಲೆಳೆಯಷ್ಟು ಉಜ್ಜಿದೆ. ರೆಕಾರ್ಡಿಗೆ ಗೊತ್ತುಪಡಿಸಿದ ವೇಗವೇ ಬಂತು. ಅತ್ತೆಯನ್ನು ಕರೆದು ಕೇಳಿಸಿದೆ.

"ಈಗ ಸರೀನಾ ಇಬು?"

"ಸರಿ. ಆವತ್ತು ಹಾಡಿದ್ದು ಹೀಗೇ." ಸ್ವಲ್ಪ ಹೊತ್ತು ಕೇಳಿದರು. ತುಟಿ ಅಲುಗಿತು. ಜೊತೆಗೆ ಹಾಡಲು ಹೋಗಿ, ಮೇಲಿನ ಸ್ವರದಲ್ಲಿ ದನಿ ಒಡೆದು ನಿಂತಿತು. ಕೆಮ್ಮಿದರು. ಮತ್ತೆ ಪ್ರಯತ್ನಿಸಿದರು, ಮತ್ತೆ ಅಲ್ಲೇ ಒಡೆಯಿತು. ನಾನು ಕೈತೋಟದ ಕಡೆ ನೋಡುತ್ತಾ ನಿಂತೆ.

"ಬೆರಳಿಡು" ಎಂದರು.

"ಎಲ್ಲಿ?"

"ತಟ್ಟೆ ಅಂಚಿಗೆ. ನಾನಿಟ್ರೆ ಹಾಡೋಕಾಗಲ್ಲ, ಗಮನ ಬೆರಳಿಗೆ ಹೋಗುತ್ತೆ. ನೀನಿಡು. ಇನ್ನೂ ಒತ್ತು. ಅಷ್ಟಲ್ಲ, ಕೋಣ. ಹಾಂ."

"ಇದು ತಪ್ಪು ವೇಗ ಇಬು. ನೀವು ಆವತ್ತು ಹಾಡಿದ್ದಕ್ಕಿಂತ ಕೆಳಗಾಯ್ತು."

"ಗೊತ್ತು. ಅವಳು ಇಪ್ಪತ್ನಾಲ್ಕು ವರ್ಷದವಳು, ಓಡ್ತಾಳೆ. ನನಗೆ ಕಾಯ್ಲಿ ಸ್ವಲ್ಪ."

ನಾನು ಒತ್ತಿದೆ. ಕಂಚು ಇನ್ನಷ್ಟು ಕೆಳಗಿಳಿದು, ಬಾವಿಯ ತಳದಿಂದ ಬಂದ ಹಾಗೆ ಮೊಳಗಿತು. ರೆಕಾರ್ಡಿನ ಹುಡುಗಿ ನಡಿಗೆ ತಗ್ಗಿಸಿದಳು. ಅತ್ತೆ ಹಾಡಿದರು. ಎರಡು ದನಿಗಳು, ಒಂದು ನಯ, ಒಂದು ಒರಟು, ಒಂದೇ ಸಾಲಿನಲ್ಲಿ ಹೆಜ್ಜೆಯಿಟ್ಟವು. ಎಲ್ಲೂ ಒಡೆಯಲಿಲ್ಲ. ಬೇಲಿಯ ಆಚೆ ವಾರ್ದೊಯೊ ಪೊರಕೆ ಹಿಡಿದವರು ಗುಡಿಸುವುದು ಬಿಟ್ಟು ನಿಂತಿದ್ದರು. ಈ ಬಾರಿ ಅವರು ಮರ ನುಣುಪಾಗಿದೆ ಎನ್ನಲಿಲ್ಲ. ನನ್ನ ಕಣ್ಣು ತುಂಬಿತು ಎಂದು ಬರೆಯಬೇಕಾದ ಜಾಗ ಇದು. ತುಂಬಲಿಲ್ಲ. ಹಲಸಿನ ಮರದ ಅಂಚು ಉಜ್ಜಿ ಬೆರಳು ಉರಿಯುತ್ತಿತ್ತು.

ಈಗ ದಿನಾ ಸಂಜೆ ಚಹಾದ ನಂತರ ಇದೇ ಕೆಲಸ. ಅತ್ತೆಯ ಹಳೆಯ ಗೆಳತಿ ತುಗಿಯೆಮ್ ಅಜ್ಜಿಯೂ ತನ್ನ ರೆಕಾರ್ಡು ಕಂಕುಳಲ್ಲಿಟ್ಟುಕೊಂಡು ಬರುತ್ತಾಳೆ. ಅವಳದು ಬೇರೆ ಮೇಳ, ಬೇರೆ ಶ್ರುತಿ, ಬೇರೆ ಗಂಟಲು. ಅವಳಿಗೆ ಬೇರೆ ಒತ್ತು. "ನಿಧಾನ ಕಣೋ", "ಏ, ನಿದ್ದೆ ಬಂತಾ ನಿನಗೆ", "ಇವನ ಬೆರಳೋ ಒನಕೆಯೋ" ಎಂದು ಇಬ್ಬರೂ ಸೇರಿ ಉಗಿಯುತ್ತಾರೆ. ನಾನು ಪ್ಲೇಯರ್ ಮಾಡಲು ಹೊರಟವನು ಅದರ ಒಂದು ಬಿಡಿಭಾಗವಾಗಿ ಕೂತಿದ್ದೇನೆ.

ಮೊನ್ನೆ ಬೆರಳ ತುದಿಯ ಚರ್ಮ ಸುಲಿದು ಬಂತು. ವಿಗಾತಿ ಅರಿಶಿನ ಹಚ್ಚುತ್ತಾ, "ವೇಗ ಹೆಚ್ಚು ಕಮ್ಮಿ ಮಾಡೋಕೆ ಒಂದು ಗುಂಡಿ ಕೂರ್ಸಿಬಿಡಿ ರೀ. ರೇಡಿಯೋಗೆ ಇರುತ್ತಲ್ಲ, ಅಂಥದ್ದು" ಎಂದಳು. ಒಳ್ಳೆಯ ಸಲಹೆ. ನಾನು ಹುರುಪಿನಿಂದ ಬೀಟೆ ಮರದಲ್ಲಿ ಒಂದು ಅಂದವಾದ ಗುಂಡಿ ಕಡೆದು, ಬೇಕಾದ ಸಾಮಾನನ್ನೆಲ್ಲ ಜೋಡಿಸಿಕೊಂಡು, ಅತ್ತೆಯ ಮುಂದಿಟ್ಟು ವಿವರಿಸಿದೆ. ಬಲಕ್ಕೆ ತಿರುಗಿಸಿದರೆ ಜೋರು, ಎಡಕ್ಕೆ ನಿಧಾನ, ನೀವೇ ಕೂತಲ್ಲಿಂದ ಮಾಡಿಕೊಳ್ಳಬಹುದು, ಯಾರ ಹಂಗೂ ಇಲ್ಲ.

ಅತ್ತೆ ಗುಂಡಿಯನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ಕೆಳಗಿಟ್ಟರು.

"ಬೇಡ ಕಣೋ" ಎಂದರು. "ಗುಂಡಿಗೆ ಬೈಯೋಕಾಗಲ್ಲ."